ಬೆರಳು ಆಡಿದರೆ ಸಾಕಾ?

ಕೈ ಮುರಿದ ನೋವಾದರೂ ಮಾತ್ರೆಗೆ ತಗ್ಗಿತು. ‘ಬೆರಳು ಅಲ್ಲಾಡ್ಸು ನೋಡನ’ ಎನ್ನುವವರ ಕಾಟಕ್ಕೆ ಮಾತ್ರೆಯೇ ಇಲ್ಲ. ಶಿರಸಿ ಸೀಮೆಗೆ ಎಕ್ಸ್‌ರೇ ಮಷಿನ್ ಯಾಕೆ ತಂದರೋ! ಬೆರಳು ಆಡಿದರೆ ಎಲುಬು ಗಟ್ಟಿ ಎಂದು ಊರಿಗೂರೇ ತೀರ್ಪು ಬರೆದಿಟ್ಟಾಗಿದೆ.

ಆಷಾಢದ ಮಳೆ, ಅಂಗಳದ ತುಂಬ ಹಾವಸೆ. ಜಾರಿದೆ, ಬಲಗೈ ಊರಿದೆ, ಅಷ್ಟೇ ಕಥೆ. ಅಪ್ಪ ಇದ್ದಾಗ ಮಳೆ ಹಿಡಿಯುವ ಮೊದಲೇ ಅಡಿಕೆ ಮರ ಸೀಳಿ, ಮೆಟ್ಟಿಲಿನಿಂದ ಕೊಟ್ಟಿಗೆಯವರೆಗೂ ದಬ್ಬೆ ಹಾಸುತ್ತಿದ್ದ. ಇಂಟರ್‌ಲಾಕ್ ಬಂದ ಮೇಲೆ ದಬ್ಬೆ ಹೋಯಿತು. ಅಪ್ಪನೂ ಹೋದ. ಹಾವಸೆ ಮಾತ್ರ ವರ್ಷಾ ವರ್ಷಾ ಬರುತ್ತದೆ.

ಎದ್ದು ಕೂರುವಷ್ಟರಲ್ಲಿ ಆಚೆಮನೆ ಭಾವ ಹಾಜರು. ಮಣಿಕಟ್ಟು ಆಗಲೇ ಮುಳ್ಳುಚಮಚ ಕವುಚಿಟ್ಟ ಹಾಗೆ ಉಬ್ಬಿ ಡೊಂಕಾಗಿತ್ತು. ಭಾವ ಅತ್ತ ನೋಡಲೇ ಇಲ್ಲ.

“ಕಿರುಬೆರಳು?” ಆಡಿಸಿದೆ.

“ಉಂಗುರದ್ದು?” ಆಡಿಸಿದೆ. ಕಣ್ಣಲ್ಲಿ ನೀರು.

“ಹೆಬ್ಬೆರಳು ಬಾಕಿ ಇದ್ದು.” ಅದೂ ಆಯಿತು.

“ಎಂತದೂ ಆಜಿಲ್ಲೆ ಮಾರಾಯಾ, ಬರೀ ಉಳುಕು. ಒಂದ್ಸಲ ಎಳೆದು ಬಿಟ್ರೆ ಸರಿ ಆಗ್ತು” ಎಂದವನೇ ಕವಳ ಉಗಿದು ಬಂದು ತೋಳು ಮಡಚಿದ. ಹೆಂಡತಿ ಅಡ್ಡ ಬಂದದ್ದಕ್ಕೆ ಬಚಾವು. ಅವಳು ಹಳೇ ಪಂಚಾಂಗ ಎರಡನ್ನು ಕೈಯಡಿಗೆ ಕೊಟ್ಟು ಪಂಜಿ ಸುತ್ತಿದಳು. ರಾಹುಕಾಲದ ಸಮೇತ ಆಸ್ಪತ್ರೆಗೆ ಹೋದೆ.

ಮುಂಗೈಯಲ್ಲಿ ಹೆಬ್ಬೆರಳ ಬದಿಗಿರುವ ರೇಡಿಯಸ್ ಎಲುಬು ಮಣಿಕಟ್ಟಿನ ಹತ್ತಿರವೇ ಮುರಿದಿತ್ತು. ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಂತೆ. ಅವುಗಳ ಹುರಿ ಮಣಿಕಟ್ಟು ದಾಟಿ ಬೆರಳಿಗೆ ಹೋಗುವುದರಿಂದ, ಎಲುಬು ಮುರಿದರೂ ಬೆರಳು ಆಡಬಹುದು. ಈ ಮುರಿತವನ್ನು ಡಬ್ಲಿನ್ನಿನ ಅಬ್ರಹಾಂ ಕೋಲಿಸ್ ಎಂಬ ಸರ್ಜನ್ 1814ರಲ್ಲೇ ವಿವರಿಸಿದ್ದ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅಂದರೆ ಅವನ ಹತ್ತಿರವೂ ಮಷಿನ್ ಇರಲಿಲ್ಲ, ನಮ್ಮ ಭಾವನ ಹಾಗೇ. ಆದರೆ ಅವನು ಮಣಿಕಟ್ಟು ನೋಡಿದ!

ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದದ್ದು ಬೆರಳು ಮಾತ್ರ. ಭಾವನಿಗೆ ಅದೇ ಬೇಕಿತ್ತು. ದಿನಾ ಬೆಳಿಗ್ಗೆ ಚಾ ಹೊತ್ತಿಗೆ ಬಂದು ಐದೂ ಬೆರಳಿನ ಹಾಜರಿ ತೆಗೆದುಕೊಳ್ಳುತ್ತಿದ್ದ. ಊತ ಏರದಂತೆ ಬೆರಳು ಆಡಿಸುತ್ತಿರಿ ಎಂದು ಡಾಕ್ಟರೇ ಹೇಳಿದ್ದು ಅವನ ಕಿವಿಗೆ ಬಿದ್ದ ಮೇಲಂತೂ ಕೇಳುವುದೇ ಬೇಡ.

ಪ್ಲಾಸ್ಟರಿನ ಒಳಗಿನ ತುರಿಕೆಯ ಬಗ್ಗೆ ಬರೆದರೆ ಈಗಲೂ ತುರಿಸುತ್ತದೆ, ಬಿಡಿ. ಉಪನಯನದ ಊಟಕ್ಕೆ ಹೋದದ್ದು ಇನ್ನೊಂದು ಪಜೀತಿ. ಎಡಗೈಯಲ್ಲಿ ಚಮಚ ಹಿಡಿದು ಅನ್ನ ಒತ್ತಿದೆ, ಬಾಳೆ ಎಲೆ ಹರಿಯಿತು. ಬಡಿಸಿದ ತಂಬುಳಿ ಸೀದಾ ಪಕ್ಕದವರ ಮಡಿ ಪಂಚೆಗೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡವರುಂಟು. ಕೈ ಸೆಟೆದು ನಿಂತಿರುತ್ತದೆ. ಬೀಗ ತಿರುಗದು, ಒದ್ದೆ ಟವೆಲ್ ಹಿಂಡಲಾಗದು. ಎಲ್ಲಕ್ಕಿಂತ ಕಷ್ಟ ಅಂಗೈಯನ್ನು ಮೇಲ್ಮುಖ ಮಾಡುವುದು. ಮೊನ್ನೆ ಊರ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡಿದರೆ ಅಂಗೈ ಅರ್ಧಕ್ಕೇ ನಿಂತಿತು. ಭಟ್ಟರು ಹಾಕಿದ ತೀರ್ಥ ಮೊಣಕೈಗೆ ಹರಿಯಿತು. ಮತ್ತೊಮ್ಮೆ ಹಾಕಿದರು, ಅದೂ ಅಂಗಿಯ ಪಾಲು. ಹಿಂದೆ ಸಾಲು ಬೆಳೆಯುತ್ತಿತ್ತು. ಭಟ್ಟರು ಉದ್ಧರಣೆ ಎತ್ತಿ ಹಿಡಿದು, ನನ್ನ ನರೆತ ತಲೆಯನ್ನೂ ಲೆಕ್ಕಿಸದೆ, “ಬಾಯಿ ತೆಗಿ ಮಾರಾಯಾ, ಸೀದಾ ಹಾಕಿಬಿಡ್ತಿ” ಎಂದರು.