ಕಾಹೀ ಹೋತ ನಾಹೀ

ಪುಣೆಯ ಅಕ್ವೇರಿಯಂ ಮೀನಿನಂಗಡಿಯವನ ಬಾಯಲ್ಲಿ ಬರುವುದು ಮೂರೇ ಪದ: "ಕಾಹೀ ಹೋತ ನಾಹೀ." ಏನೂ ಆಗಲ್ಲ. ಗೋಲ್ಡ್‌ಫಿಶ್ ಜೊತೆ ಫೈಟರ್ ಮೀನು ಇಡಬಹುದಾ? ಕಾಹೀ ಹೋತ ನಾಹೀ. ಡಿಸೆಂಬರ್‌ನಲ್ಲಿ ಹೀಟರ್ ಬೇಡವಾ? ಕಾಹೀ ಹೋತ ನಾಹೀ. ನಾವು ಮೂರನೇ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಬಲೆ ತೊಟ್ಟಿಗೆ ಇಳಿದು ಮೇಲೆ ಬಂದಿರುತ್ತದೆ. ಮೀನು ಚೀಲದಲ್ಲಿ, ಚೀಲದ ತುಂಬ ಗಾಳಿ, ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ನಾಲ್ಕು ಸುತ್ತು. ಚಟಕ್. ಆ ಚಟಕ್ ಎಂಬ ಸದ್ದಿನ ಮೇಲೆ ಮೇಲ್ಮನವಿ ಇಲ್ಲ.

ಮೊನ್ನೆ ಭಾನುವಾರ ಅಂಥ ಒಂದೇ ಚೀಲದಲ್ಲಿ ಎರಡು ಗೋಲ್ಡ್‌ಫಿಶ್, ಒಂದು ಫೈಟರ್, ಆರು ಪುಟ್ಟ ನಿಯಾನ್ ಮೀನು, 'ಗಾಜು ಕ್ಲೀನ್ ಮಾಡಲಿಕ್ಕೆ' ಪಾಚಿ ತಿನ್ನುವ ಒಂದು ಸಕ್ಕರ್ ಮೀನು, ಇಷ್ಟನ್ನೂ ಮಗುವಿನ ಕೈಗೆ ಕೊಟ್ಟು ಕಳಿಸಿದ್ದು ಕಂಡಾಗಿನಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಗೋಲ್ಡ್‌ಫಿಶ್‌ಗೆ ಹಿತವಾದ ನೀರು 18ರಿಂದ 22 ಡಿಗ್ರಿ. ಫೈಟರ್‌ಗೆ 24ರಿಂದ 28. ಒಬ್ಬರಿಗೆ ಫ್ಯಾನ್ ಬೇಕು, ಇನ್ನೊಬ್ಬರಿಗೆ ಕಂಬಳಿ ಬೇಕು, ಕೋಣೆ ಒಂದೇ. ಹೀಟರ್ ಹಾಕಿ 27ಕ್ಕೆ ಇಟ್ಟರೆ ಫೈಟರ್ ಸುಖಿ. ಗೋಲ್ಡ್‌ಫಿಶ್ ಮಾತ್ರ ಹಸಿವು ಹೆಚ್ಚಾಗಿ ತಿಂದು, ತಿಂದಷ್ಟೂ ಹೊಲಸು ಮಾಡುತ್ತದೆ, ಅದೂ ಆಮ್ಲಜನಕ ಕಡಿಮೆಯಾದ ನೀರಿನಲ್ಲಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 30 ಡಿಗ್ರಿಯದು ಏಳೂವರೆಗೇ ಕೈಯೆತ್ತುತ್ತದೆ. ಹೀಟರ್ ಬೇಡವೆಂದರೆ ಜನವರಿಯ ರಾತ್ರಿ ಫೈಟರ್ ರೆಕ್ಕೆ ಮುದುಡಿಕೊಂಡು ತಳ ಹಿಡಿಯುತ್ತದೆ. ಮಗು "ಪಪ್ಪಾ, ಅದು ಮಲಗಿದೆ" ಅನ್ನುತ್ತದೆ.

ನಿಯಾನ್ ಕಥೆ ಇನ್ನೂ ಚಿಕ್ಕದು. ಗೋಲ್ಡ್‌ಫಿಶ್ ಬೆಳೆದ ದಿನ ಅವು ಎಣಿಕೆಯಲ್ಲಿ ಐದು, ಆಮೇಲೆ ನಾಲ್ಕು. ದ್ವೇಷವೇನಿಲ್ಲ, ಬಾಯಲ್ಲಿ ಹಿಡಿಸುತ್ತವೆ ಅಷ್ಟೇ. ಸಕ್ಕರ್ ಅಂತೂ ಪಾಚಿ ಮುಗಿದ ಮೇಲೆ ರಾತ್ರಿ ಗೋಲ್ಡ್‌ಫಿಶ್‌ನ ಪಕ್ಕೆಗೇ ಅಂಟಿಕೊಂಡು ಮೈಮೇಲಿನ ಲೋಳೆ ನೆಕ್ಕುತ್ತದೆ. ಎರಡಿಂಚಿನದೆಂದು ತಂದದ್ದು ಒಂದಡಿ ದಾಟುತ್ತದೆ. ಆಗ ಮನೆಯವರು ಕನಿಕರಪಟ್ಟು ನದಿಗೋ ಕೆರೆಗೋ ಬಿಟ್ಟುಬರುತ್ತಾರೆ. ದಯವಿಟ್ಟು ಬಿಡಬೇಡಿ. ದಕ್ಷಿಣ ಅಮೆರಿಕದ ಈ ಅತಿಥಿ ನಮ್ಮ ಎಷ್ಟೋ ಕೆರೆಗಳಲ್ಲಿ ಈಗಾಗಲೇ ಯಜಮಾನನಾಗಿ ಕೂತಿದೆ.

ಅಂಗಡಿಯವನು ಸುಳ್ಳು ಹೇಳುತ್ತಾನೆಂದಲ್ಲ. ಅವನ ತೊಟ್ಟಿಯಲ್ಲಿ ಎಲ್ಲವೂ ಒಟ್ಟಿಗೇ ಇರುತ್ತವೆ, ನಿಜ, ನಾಲ್ಕು ದಿನ. ದೀಪಾವಳಿಯ ಹಿಂದಿನ ರಾತ್ರಿ ಪುಣೆ–ಹುಬ್ಬಳ್ಳಿ ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ಐದು ಜನ ಹೊಂದಿಕೊಂಡು ಕೂರುವುದಿಲ್ಲವೇ, ಹಾಗೆ. ಹಾಗೆಂದು ಆ ಐವರಿಗೂ ಸೇರಿಸಿ ಒಂದು ಮನೆ ಬಾಡಿಗೆಗೆ ಕೊಡುತ್ತೀರಾ? ಮೀನು ಸತ್ತಿತೆಂದು ಅವನ ಬಳಿ ಹೋಗಿ ನೋಡಿ. "ನೀರು ಬದಲಿಸಿದ್ರಾ?" ಹೌದು. "ಅದಕ್ಕೇ." ಪಕ್ಕದಲ್ಲೇ ಅದೇ ದೂರು ಹೊತ್ತ ಇನ್ನೊಬ್ಬರು. "ನೀರು ಬದಲಿಸಿದ್ರಾ?" ಇಲ್ಲ. "ಅದಕ್ಕೇ." ಇಬ್ಬರ ಕೈಗೂ ಹೊಸ ಚೀಲ. ಚಟಕ್, ಚಟಕ್.

ಇದರ ನಡುವೆ ವಾಸ್ತು ಬರುತ್ತದೆ. ಹಾಲ್‌ನಲ್ಲಿ ಒಂಬತ್ತು ಗೋಲ್ಡ್‌ಫಿಶ್ ಇರಬೇಕಂತೆ, ಎಂಟು ಬಂಗಾರದವು, ಒಂದು ಕಪ್ಪು. ಊರಿಂದ ಬಂದ ಕಾಕು ಟೀ ಕುಡಿಯುತ್ತಾ, "ಒಂಬತ್ತ ಇಡ್ರಿ, ಲಕ್ಷ್ಮಿ ನಿಲ್ತಾಳ" ಅಂದರೆ ಯಾರು ಎದುರಾಡುತ್ತಾರೆ? ಲೆಕ್ಕ ಹಾಕಿ ನೋಡಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿಗೆ ಅಂಚಿನವರೆಗೆ ಸುಮಾರು 55 ಲೀಟರ್. ಕಲ್ಲು ಹಾಸಿ, ಮೇಲೆ ಎರಡು ಬೆರಳು ಬಿಟ್ಟರೆ 45. ಒಂದು ಗೋಲ್ಡ್‌ಫಿಶ್‌ಗೆ 75 ಲೀಟರ್, ಆಮೇಲೆ ಪ್ರತಿಯೊಂದಕ್ಕೂ ಇನ್ನೊಂದು 40 ಎಂಬ ಅಂದಾಜು ಹಿಡಿದರೆ ಒಂಬತ್ತಕ್ಕೆ 395 ಲೀಟರ್. ಅಂದರೆ ಲಕ್ಷ್ಮಿಯನ್ನು ತಾರಸಿಯ ಸಿಂಟೆಕ್ಸ್‌ನಲ್ಲಿ ಇಡಬೇಕು.

ಸಿಟ್ಟು ಬರುವುದು ಯಾಕೆಂದರೆ, ತಣ್ಣೀರಿನ ಮೀನು ಸಾಕಲು ಮುಂಬೈಯವರಿಗಿಂತ ಪುಣೆಯವರು ಪುಣ್ಯವಂತರು. ಮುಂಬೈ ಫ್ಲ್ಯಾಟಿನ ನೀರು ವರ್ಷದ ಬಹುಪಾಲು ಬೆಚ್ಚಗೇ ಇರುತ್ತದೆ. ಇಲ್ಲಿ ಚಳಿಗಾಲದ ರಾತ್ರಿ ಹೊರಗೆ 10–12 ಡಿಗ್ರಿಗೆ ಇಳಿಯುತ್ತದೆ, ಮನೆಯೊಳಗಿನ ತೊಟ್ಟಿ ಹೀಟರ್ ಇಲ್ಲದೆ 20ರ ಆಸುಪಾಸಿಗೆ ಬರುತ್ತದೆ. ಅದನ್ನೇ ಹಬ್ಬ ಎಂದುಕೊಳ್ಳುವ ಮೀನುಗಳಿವೆ. ವೈಟ್ ಕ್ಲೌಡ್ ನೋಡಿ, ಒಂದೂವರೆ ಇಂಚು, ಕೆಂಪು ಬಾಲ, 18ರಿಂದ 22ರಲ್ಲಿ ಮೈತುಂಬ ಬಣ್ಣ. ಚೀನಾದ ಗುವಾಂಗ್‌ಝೌ ಬಳಿಯ ಬಿಳಿಮೋಡದ ಬೆಟ್ಟದಲ್ಲಿ ಟಾನ್ ಎಂಬ ಸ್ಕೌಟ್ ನಾಯಕ ಕಂಡದ್ದು. 1932ರಲ್ಲಿ ಅದಕ್ಕೆ ಅವನ ಹೆಸರನ್ನೇ ಸೇರಿಸಿ ಟಾನಿಕ್ತಿಸ್ ಎಂದು ನಾಮಕರಣವಾಯಿತು. ನಿಯಾನ್ ದುಬಾರಿಯಾಗಿದ್ದ ಕಾಲದಲ್ಲಿ ಇದನ್ನು ಬಡವರ ನಿಯಾನ್ ಎನ್ನುತ್ತಿದ್ದರು. ಎರಡಡಿ ತೊಟ್ಟಿಗೆ ಎಂಟು ವೈಟ್ ಕ್ಲೌಡ್, ಆರು ಝೀಬ್ರಾ ಎಂಬ ಪಟ್ಟೆಮೀನು, ಅಲ್ಲಿಗೆ ನಿಲ್ಲಿಸಿ. ಆರಕ್ಕಿಂತ ಕಡಿಮೆ ತಂದರೆ ಝೀಬ್ರಾ ತನ್ನವರ ಜೊತೆ ಆಡುವ ಜಗಳವನ್ನೆಲ್ಲ ಪಕ್ಕದವರ ರೆಕ್ಕೆಯ ಮೇಲೆ ತೀರಿಸಿಕೊಳ್ಳುತ್ತದೆ. ಉದ್ದ ರೆಕ್ಕೆಯ ಯಾವ ಮೀನೂ ಅದರ ಜೊತೆ ಬೇಡ. ಮೂರಡಿ ತೊಟ್ಟಿ ಇದ್ದರೆ ರೋಸಿ ಬಾರ್ಬ್ ಆರು. ಗಂಡು ಮೀನಿಗೆ ಬಣ್ಣ ಏರಿದಾಗ ತಾಮ್ರದ ಚೊಂಬು ತಿಕ್ಕಿಟ್ಟ ಹಾಗೆ.

ಝೀಬ್ರಾ, ರೋಸಿ ಎರಡೂ ನಮ್ಮ ದೇಶದವೇ. ಝೀಬ್ರಾ ಹಳ್ಳದಲ್ಲಿ, ಭತ್ತದ ಗದ್ದೆಯ ನೀರಿನಲ್ಲಿ ಓಡಾಡುವ ಮೀನು. ನಮ್ಮಲ್ಲಿ ಎಷ್ಟೋ ಜನ ರಜೆಯಲ್ಲಿ ಟವೆಲಿನ ನಾಲ್ಕು ಮೂಲೆ ಹಿಡಿದು ಹಳ್ಳದಲ್ಲಿ ಮರಿಮೀನು ಎತ್ತಿದವರು. ಬೊಗಸೆಯಲ್ಲಿ ಒಂದು ಗಳಿಗೆ ಮಿಂಚಿ ಬೆರಳ ಸಂದಿಯಿಂದ ಜಾರಿ ಹೋದವುಗಳಲ್ಲಿ ಪಟ್ಟೆಯದೂ ಇದ್ದಿರಬಹುದು, ಆಗ ಹೆಸರು ಯಾರು ಕೇಳಿದರು? ಈಗ ಅದನ್ನೇ ದುಡ್ಡು ಕೊಟ್ಟು, ಎಣಿಸಿ ತರುತ್ತೇವೆ.

ತರುವ ಮುಂಚೆ ತೊಟ್ಟಿ ಮೀನಿಲ್ಲದೆಯೇ ನಾಲ್ಕರಿಂದ ಆರು ವಾರ ಫಿಲ್ಟರ್ ಓಡುತ್ತಾ ನಿಲ್ಲಬೇಕು, ದಿನಕ್ಕೆ ಒಂದು ಚಿಟಿಕೆ ಮೀನಿನ ಊಟ ಹಾಕಿಕೊಂಡು. ಆ ಊಟ ಕೊಳೆತು ಹುಟ್ಟುವ ಅಮೋನಿಯಾ ಮೀನಿಗೆ ವಿಷ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು. ಅವು ಚಳಿಯಲ್ಲಿ ಸೋಮಾರಿ, ಇನ್ನೆರಡು ವಾರ ಜಾಸ್ತಿ ಕೊಡಿ. ಕಾರ್ಪೊರೇಷನ್ ನೀರಿಗೆ ಆಂಟಿ‌ಕ್ಲೋರಿನ್ ಹನಿ, ವಾರಕ್ಕೆ ಕಾಲು ಭಾಗ ನೀರು ಬದಲು. ಚೀಲವನ್ನು 20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಆಮೇಲೆ ಬಲೆಯಿಂದ ಮೀನನ್ನಷ್ಟೇ ಎತ್ತಿ. ಅಂಗಡಿಯ ನೀರು ನಿಮ್ಮ ತೊಟ್ಟಿಗೆ ಬೇಡ.

ಕಷ್ಟ ಇರುವುದು ಮೇ ತಿಂಗಳಲ್ಲಿ, ನೀರು 30 ಮುಟ್ಟಿದಾಗ. ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಟೇಬಲ್ ಫ್ಯಾನ್ ತಿರುಗಿಸಿ. ಪುಣೆಯ ಒಣಗಾಳಿಗೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮುಂಬೈಯ ಸೆಕೆಯಲ್ಲಿ ಇದು ಅಷ್ಟು ನಡೆಯದು. ಮುಚ್ಚಳದ ಬದಲು ಸೊಳ್ಳೆ ಪರದೆ ಕಟ್ಟಿ, ಝೀಬ್ರಾ ಹಾರುತ್ತದೆ. ಬೆಳಿಗ್ಗೆ ಸೋಫಾ ಕೆಳಗೆ ಒಣಗಿ ಸಿಕ್ಕಿದ್ದನ್ನು ಮಗುವಿಗೆ ವಿವರಿಸುವುದು ಯಾರಿಗೂ ಇಷ್ಟವಿಲ್ಲದ ಕೆಲಸ.

ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ, "ಎಂಟು ವೈಟ್ ಕ್ಲೌಡ್, ಆರು ಝೀಬ್ರಾ, ಬೇರೇನೂ ಬೇಡ" ಎಂದು ಗಟ್ಟಿಯಾಗಿ ಹೇಳಿ. ಅವನು ಚೀಟಿ ನೋಡುತ್ತಾನೆ, ತಲೆಯಾಡಿಸುತ್ತಾನೆ, ಹದಿನಾಲ್ಕನ್ನೂ ಸರಿಯಾಗಿ ಎಣಿಸಿ ಹಾಕುತ್ತಾನೆ. ಆಮೇಲೆ ಪಕ್ಕದ ತೊಟ್ಟಿಗೆ ಕೈ ಇಳಿಸಿ, ಕಪ್ಪಗಿನ ಒಂದು ಸಣ್ಣ ಸಕ್ಕರ್ ಎತ್ತಿ ಅದರೊಳಗೇ ಬಿಟ್ಟು ನಗುತ್ತಾನೆ.

"ಫ್ರೀ."

ಬೇಡ ಅನ್ನಲು ಬಾಯಿ ತೆರೆಯುತ್ತೀರಿ. ಚಟಕ್.