ಆಫೀಸಿನವರನ್ನೂ ಮೀಟಿಂಗಿಗೆ ಕರೀರಿ ಸ್ವಾಮಿ

ಕೊಡಗಿನ ಡಿಗ್ರಿ ಕಾಲೇಜುಗಳ ಬಗ್ಗೆ ಊರಿನವರ ಜೊತೆ ಫೋನಲ್ಲಿ ಮಾತಾಡಿದರೆ ಸುತ್ತಿ ಬಳಸಿ ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಒಂದು, ಚಿಕ್ಕ ಅಳುವಾರದ ವಿಶ್ವವಿದ್ಯಾಲಯ ಉಳಿಯುತ್ತಾ ಇಲ್ವಾ. ಇನ್ನೊಂದು, ಪರ್ಮನೆಂಟ್ ಮೇಷ್ಟ್ರುಗಳನ್ನು ಯಾವಾಗ ಹಾಕ್ತಾರೆ. ಎರಡೂ ದೊಡ್ಡ ಪ್ರಶ್ನೆಗಳೇ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿದಾಗ ಕೊಡಗಿನದೂ ಆ ಪಟ್ಟಿಯಲ್ಲಿತ್ತು. ಜಿಲ್ಲೆಯವರಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಅದಕ್ಕಿಂತ ಸಣ್ಣ ವಿಷಯ. ಅದಕ್ಕೆ ದುಡ್ಡು ಬೇಡ, ಬೆಂಗಳೂರಿಂದ ಆರ್ಡರ್ ಬರಬೇಕಾಗಿಲ್ಲ. ಟೈಮ್ ಟೇಬಲ್ಲು, ಹಾಜರಿ, ಇಂಟರ್ನಲ್ಸು, ಯಾವ ಪೇಪರ್ ಯಾವಾಗ ಅಂತ ಮೇಷ್ಟ್ರುಗಳು ಕೂತು ತೀರ್ಮಾನ ಮಾಡುವ ಮೀಟಿಂಗ್ ಇರುತ್ತದಲ್ಲ, ಅಲ್ಲಿ ಆಫೀಸಿನವರಿಗೂ ಒಂದು ಕುರ್ಚಿ ಹಾಕಿ. ಟೀ ತರೋಕೆ ಅಲ್ಲ, ಮಾತಾಡೋಕೆ.

ನಾನು ಸೋಮವಾರಪೇಟೆ ಕಡೆಯವನು. ಈಗ ಪಾಠ ಮಾಡುತ್ತಿರುವುದು ಜಪಾನಿನ ಶಿಕೊಕು ದ್ವೀಪದ ಮತ್ಸುಯಾಮದಲ್ಲಿ. ಬೆಟ್ಟದ ಇಳಿಜಾರಲ್ಲಿ ಕಿತ್ತಳೆ ತೋಟ, ಕೆಟ್ಟ ಮಳೆ, ಗುಡ್ಡ ಜರಿಯುವ ಭಯ ಎಲ್ಲ ಇಲ್ಲೂ ಇದೆ. ಹಾಗಾಗಿ ಊರು ನನಗೆ ಅಷ್ಟೇನೂ ಹೊಸದು ಅನ್ನಿಸಲಿಲ್ಲ. ಹೊಸದು ಅನ್ನಿಸಿದ್ದು ಕಾಲೇಜಿನ ಆಫೀಸು.

ಇಲ್ಲಿ ಪಾಠ, ಪರೀಕ್ಷೆಯ ಕೆಲಸ ನೋಡಿಕೊಳ್ಳುವ ವಿಭಾಗಕ್ಕೆ ಕ್ಯೋಮುಕ ಅನ್ನುತ್ತಾರೆ. ನಾನು ಸೇರಿದ ಹೊಸದರಲ್ಲಿ ಒಂದು ಮೀಟಿಂಗಿನಲ್ಲಿ ಪ್ರೊಫೆಸರುಗಳೆಲ್ಲ ಬಾಯಿ ಮುಚ್ಚಿ ಕೂತಿದ್ದರು, ಆ ವಿಭಾಗದ ಹೆಂಗಸೊಬ್ಬರು ಒಂದು ಶೀಟ್ ಹಂಚಿ ಮಾತು ಶುರು ಮಾಡಿದರು. ಎರಡನೇ ವರ್ಷದಲ್ಲಿ ಹುಡುಗರು ಯಾವ ವಿಷಯದಲ್ಲಿ ಬಿದ್ದುಹೋಗುತ್ತಿದ್ದಾರೆ, ಯಾರು ಸತತ ಮೂರು ಕ್ಲಾಸಿಗೆ ಬಂದಿಲ್ಲ, ಯಾರು ಈ ಸೆಮಿಸ್ಟರಿಗೆ ವಿಷಯ ಆರಿಸಿಕೊಂಡೇ ಇಲ್ಲ, ಎಲ್ಲ ಅದರಲ್ಲಿತ್ತು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ಸೋಮವಾರದ ಮೊದಲ ಪೀರಿಯಡ್ಡು ಮೇಷ್ಟ್ರಾಗಲು ಸರ್ಟಿಫಿಕೇಟ್ ಮಾಡುವವರ ಕಡ್ಡಾಯ ಕ್ಲಾಸಿಗೆ ಅಡ್ಡ ಬರುತ್ತಿದೆ, ಆಸಕ್ತಿ ಇರುವ ಹುಡುಗರೇ ನಿಮ್ಮ ವಿಷಯ ತೆಗೆದುಕೊಳ್ಳುತ್ತಿಲ್ಲ, ಬುಧವಾರಕ್ಕೆ ಹಾಕಬಹುದಾ ಅಂದರು. ಹಿರಿಯ ಪ್ರೊಫೆಸರೊಬ್ಬರು ಅದನ್ನು ಬರೆದುಕೊಂಡರು. ಕ್ಲರ್ಕಿಗೆ ಪಾಠದ ಉಸಾಬರಿ ಯಾಕೆ ಅಂತ ಯಾರೂ ಕೇಳಲಿಲ್ಲ. ನಮ್ಮೂರಲ್ಲಾಗಿದ್ದರೆ ಕೇಳುತ್ತಿದ್ದರು, ಅಲ್ವಾ?

ಇದು ಜಪಾನೀಯರ ಹುಟ್ಟುಗುಣ ಅಂತ ತಿಳ್ಕೋಬೇಡಿ. ಇಲ್ಲೂ ಪ್ರೊಫೆಸರು ಅಂದರೆ ದೊಡ್ಡವರೇ, ಆಫೀಸಿನವರು ಹೇಳಿದ್ದನ್ನು ಮಾಡುವವರೇ ಆಗಿದ್ದರು. ನಿಯಮ ಬಂದದ್ದು ನಿಧಾನಕ್ಕೆ. ಮೇಷ್ಟ್ರುಗಳ ಬೋಧನೆ ಸುಧಾರಿಸುವ ತರಬೇತಿ ಡಿಗ್ರಿ ಮಟ್ಟಕ್ಕೆ 2008ರಲ್ಲಿ ಕಡ್ಡಾಯವಾಯಿತು. 2017ರ ಏಪ್ರಿಲ್‌ನಿಂದ ಸಿಬ್ಬಂದಿ ತರಬೇತಿಯೂ ಕಡ್ಡಾಯ, ಜೊತೆಗೆ ಮೇಷ್ಟ್ರುಗಳೂ ಆಫೀಸಿನವರೂ ಕೂಡಿ ಕೆಲಸ ಮಾಡಬೇಕು ಅನ್ನುವ ಮಾತೂ ನಿಯಮದೊಳಗೇ ಸೇರಿತು. ಇದರಲ್ಲಿ ಒಂದು ತಮಾಷೆ ಇದೆ. ಸಿಬ್ಬಂದಿ ತರಬೇತಿ ಅಂದರೂ ಅದರಲ್ಲಿ ಪ್ರೊಫೆಸರುಗಳೂ ಬರುತ್ತಾರೆ, ವಿಶ್ವವಿದ್ಯಾಲಯದ ಅಧ್ಯಕ್ಷರೂ ಬರುತ್ತಾರೆ. ನಮ್ಮ ಶಿಕೊಕುವಿನಲ್ಲಿ 2008ರಲ್ಲೇ ಎಹಿಮೆ ವಿಶ್ವವಿದ್ಯಾಲಯವನ್ನು ನಡುವೆ ಇಟ್ಟುಕೊಂಡು ದ್ವೀಪದ ಕಾಲೇಜುಗಳೆಲ್ಲ ಸೇರಿ ಒಂದು ಜಾಲ ಮಾಡಿಕೊಂಡವು. ಸಣ್ಣ ಸಣ್ಣ ಕಾಲೇಜುಗಳು ಒಂಟಿಯಾಗಿ ತರಬೇತಿ ನಡೆಸೋಕೆ ಆಗಲ್ಲ, ಅದಕ್ಕೆ.

ಯಾಕೆ ಇಷ್ಟೆಲ್ಲ ಅಂದರೆ ಹುಡುಗರೇ ಇಲ್ಲ. 1992ರಲ್ಲಿ ಜಪಾನಿನಲ್ಲಿ 18 ವರ್ಷದವರು 20 ಲಕ್ಷಕ್ಕೂ ಜಾಸ್ತಿ ಇದ್ದರು. ಈಗ ಹೆಚ್ಚುಕಡಿಮೆ 11 ಲಕ್ಷ. ಒಬ್ಬ ಹುಡುಗ ಅರ್ಧಕ್ಕೆ ಬಿಟ್ಟರೂ ಕಾಲೇಜಿಗೆ ನಷ್ಟ ಕಾಣುತ್ತದೆ. ಹಾಗಾಗಿ ಬಿಡುವ ಮೊದಲೇ ಗೊತ್ತಾಗಬೇಕು, ಮೊದಲು ಗೊತ್ತಾಗುವುದು ಆಫೀಸಿನಲ್ಲಿ. ಕೊಡಗಿನ ವಿಶ್ವವಿದ್ಯಾಲಯದ ಮೇಲೂ ಮಕ್ಕಳು ಕಮ್ಮಿ ಅನ್ನುವ ಮಾತೇ ತಾನೇ ಬರುತ್ತಿರುವುದು? ಸೇರಿದ ಮಕ್ಕಳನ್ನು ಮೂರನೇ ವರ್ಷದವರೆಗೆ ಕಳೆದುಕೊಳ್ಳದೆ ತರುವುದು ಹೇಗೆ ಅನ್ನುವುದು ಅವರಿಗೂ ಅಷ್ಟೇ ಮುಖ್ಯ.

ನಮ್ಮ ದೊಡ್ಡಮ್ಮನ ಮಗಳು, ನನಗೆ ಅಕ್ಕ, ಕೊಡಗಿನದೇ ಒಂದು ಕಾಲೇಜಿನಲ್ಲಿ ಎಸ್‌ಡಿಎ. ಯಾವ ಕಾಲೇಜು ಅಂತ ಬೇಡ. ಅಡ್ಮಿಷನ್, ಫೀಸು, ಸ್ಕಾಲರ್‌ಶಿಪ್, ಬಸ್ ಪಾಸು, ಹಾಲ್ ಟಿಕೆಟ್ ಎಲ್ಲ ಅವಳ ಟೇಬಲ್ ಮೇಲೆ. ಸರ್ಕಾರದ ಯುಯುಸಿಎಂಎಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಅಡ್ಮಿಷನ್ನಿಂದ ರಿಸಲ್ಟ್ ತನಕ ಎಲ್ಲ ಆನ್‌ಲೈನು. ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ಜುಲೈ ತಿಂಗಳಲ್ಲಿ ಅದು ಹೇಗಿರುತ್ತದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರಿಗೆ ಏನೇ ತೊಂದರೆ ಆದರೂ ಮೊದಲು ನಿಲ್ಲುವುದು ಅವಳ ಕಿಟಕಿ ಮುಂದೆ.

ಒಂದು ಸಲ ಅವಳ ಕಾಲೇಜಿನಲ್ಲಿ ಕೊನೆಯ ಪೀರಿಯಡ್ಡಿಗೆ ಅಕೌಂಟೆನ್ಸಿ ಹಾಕಿದ್ದರಂತೆ. ಕ್ಲಾಸು ಅರ್ಧ ಖಾಲಿ. ಮೇಷ್ಟ್ರು ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ ಅಂತ ಬೈದರು, ಹಾಜರಿ ಕಡಿಮೆ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿಸಿದರು. ಪಟ್ಟಿ ಟೈಪ್ ಮಾಡಿದ್ದು ಅಕ್ಕನೇ. ಟೈಪ್ ಮಾಡುವಾಗಲೇ ಅವಳಿಗೆ ಗೊತ್ತಾಯಿತು, ಅರ್ಧಕ್ಕರ್ಧ ಹೆಸರು ಒಂದೇ ರೂಟಿನವು. ಬಸ್ ಪಾಸ್ ಅರ್ಜಿ ನೋಡಿ ಕಳಿಸುವುದು ಅವಳೇ ಅಲ್ವಾ. ಆ ಕಡೆಗೆ ಸಂಜೆ ಇರುವ ಬಸ್ಸು ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಹೊರಡುತ್ತದೆ. ಅದು ಹೋದರೆ ಮತ್ತೆ ಕತ್ತಲಾದ ಮೇಲೆ, ದಾರಿಯಲ್ಲಿ ಆನೆ ಕಾಟ ಬೇರೆ.

"ನೀನು ಹೇಳಲಿಲ್ವಾ ಅಕ್ಕ?" ಅಂದೆ.

"ಯಾರಿಗೋ ಹೇಳೋದು? ನನ್ನ ಕೇಳಿದವರು ಯಾರು? ಪಟ್ಟಿ ಟೈಪ್ ಮಾಡಿ ಕೊಡಿ ಅಂದರು, ಕೊಟ್ಟೆ" ಅಂದಳು.

ನೋಡಿ, ಇದೇ ನಾನು ಹೇಳುತ್ತಿರುವುದು. ಉತ್ತರ ಇದ್ದ ಮನುಷ್ಯಳ ಕೈಯಲ್ಲೇ ಪಟ್ಟಿ ಟೈಪ್ ಮಾಡಿಸಿದ್ದಾರೆ, ಪ್ರಶ್ನೆ ಮಾತ್ರ ಕೇಳಿಲ್ಲ. ಈಗ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಪಾಸೇ ಬೇಡ, ಹಾಗಾಗಿ ಅವರು ಯಾವ ಕಡೆಯಿಂದ ಬರುತ್ತಾರೆ ಅನ್ನುವ ಲೆಕ್ಕ ಆಫೀಸಿಗೂ ಮೊದಲಿನಷ್ಟು ಸಲೀಸಾಗಿ ಸಿಗುತ್ತಿಲ್ಲವಂತೆ. ಅಡ್ಮಿಷನ್ ಫಾರಂ ಜೊತೆಗೆ ಒಂದು ಸಾಲು ಬರೆಸಿಕೊಂಡರೆ ಆಯಿತು. ಇಂಥದ್ದು ಹೊಳೆಯುವುದೂ ಆ ಟೇಬಲ್ಲಿನಲ್ಲಿ ಕೂತವರಿಗೇ.

ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕೊಯ್ಲು. ತೋಟದ ಕೂಲಿಯವರ ಲೈನ್‌ಮನೆಗಳಿಂದ ಬರುವ ಹುಡುಗರು ಆಗ ಕ್ಲಾಸಿಗೆ ಬರುವುದು ಕಮ್ಮಿ, ಅಪ್ಪ ಅಮ್ಮನ ಜೊತೆ ಹಣ್ಣು ಬಿಡಿಸೋಕೆ ಹೋಗಿರುತ್ತಾರೆ. ಫೀಸಿನ ಎರಡನೇ ಕಂತು ಬರುವುದೂ ಆ ದುಡ್ಡಿಂದಲೇ, ಅದು ಆಫೀಸಿನವರಿಗೆ ಚೆನ್ನಾಗಿ ಗೊತ್ತು. ಪಾಠ ಮಾಡುವವರಲ್ಲಿ ಎಷ್ಟು ಜನಕ್ಕೆ ಗೊತ್ತು? ಪಾಪ, ಅವರಲ್ಲಿ ಸುಮಾರು ಜನ ಅತಿಥಿ ಉಪನ್ಯಾಸಕರು. ಹಾಸನದಿಂದಲೋ ಮೈಸೂರಿಂದಲೋ ಬಂದು ಪಾಠ ಮಾಡಿ ಹೋಗುವವರು, ಮುಂದಿನ ವರ್ಷ ಇದೇ ಕಾಲೇಜು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲದವರು. ಅವರಿಗೆ ಊರಿನ ಲಯ ತಿಳಿಯಲಿ ಅನ್ನುವುದು ದುಬಾರಿ ಆಸೆ. ಆಫೀಸಿನವರು ಹೇಳಿದರೆ ತಿಳಿಯುತ್ತದೆ. ಸಂಜೆ ಬಸ್ಸು ನಮ್ಮ ಸುಗ್ಗಿ ಹಬ್ಬ ಹುತ್ತರಿಯ ವಾರದಲ್ಲೂ ಹಾಗೇ ಓಡುತ್ತದೆ, ಅದರೊಳಗೆ ಹುಡುಗರು ಇರಲ್ಲ ಅಷ್ಟೇ. ಆ ವಾರ ಟೆಸ್ಟ್ ಇಡಬೇಡಿ ಅಂತ ಹೇಳೋಕೂ ಒಬ್ಬರು ಬೇಕು.

ಮಳೆಯ ವಿಷಯದಲ್ಲಿ ಎರಡೂ ಊರು ಒಂದೇ ವರ್ಷ ಪೆಟ್ಟು ತಿಂದಿವೆ. 2018ರ ಜುಲೈಯಲ್ಲಿ ಪಶ್ಚಿಮ ಜಪಾನಿನ ಮಹಾಮಳೆಗೆ ನಮ್ಮ ಎಹಿಮೆ ಪ್ರಾಂತ್ಯದ ಉವಾಜಿಮ ಕಡೆ ಕಿತ್ತಳೆ ತೋಟಗಳು ಗುಡ್ಡದ ಸಮೇತ ಜಾರಿದವು. ಮುಂದಿನ ತಿಂಗಳೇ ಕೊಡಗಿನ ಕಡೆ ಮಕ್ಕಂದೂರು, ಮಾದಾಪುರ, ಜೋಡುಪಾಲದಲ್ಲಿ ಗುಡ್ಡ ಕುಸಿದ ಸುದ್ದಿ. ಇಲ್ಲಿ ಆಫೀಸಿನವರು ಮೊದಲು ಮಾಡಿದ ಕೆಲಸ ಆ ಊರುಗಳ ವಿದ್ಯಾರ್ಥಿಗಳ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದ್ದು. ಆಮೇಲೆ ಯಾರಿಗೆ ಎಷ್ಟು ದಿನ ರಿಯಾಯಿತಿ ಬೇಕು ಅಂತ ನಮಗೆ ತಿಳಿಸಿದರು. ಊರಲ್ಲಿ ಅಕ್ಕನೂ ಫೋನ್ ಮಾಡಿದ್ದಾಳೆ, ಯಾವ ಹುಡುಗಿ ಯಾವ ಪರಿಹಾರ ಕೇಂದ್ರದಲ್ಲಿದ್ದಾಳೆ, ಯಾರ ಮಾರ್ಕ್ಸ್ ಕಾರ್ಡ್ ಮಣ್ಣಡಿ ಹೋಗಿದೆ ಅಂತ ಅವಳ ಡೈರಿಯಲ್ಲಿ ಬರೆದಿತ್ತು. ಆದರೆ ಆ ಡೈರಿ ಅವಳ ಡ್ರಾಯರಿನಲ್ಲೇ ಉಳಿಯಿತು. ಅಸೈನ್‌ಮೆಂಟ್ ತಡವಾಯಿತು ಅಂತ ಅದೇ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮತ್ತೆ ಮೊದಲಿಂದ ಎಲ್ಲ ಹೇಳಬೇಕಾಯಿತು.

ಇಲ್ಲಿ ಗಾಳಿಮಳೆಯ ಎಚ್ಚರಿಕೆ ಬೆಳಿಗ್ಗೆ ಇಷ್ಟು ಗಂಟೆಗೆ ಜಾರಿಯಲ್ಲಿದ್ದರೆ ಇಷ್ಟು ಕ್ಲಾಸು ರದ್ದು ಅಂತ ಮೊದಲೇ ಬರೆದಿರುತ್ತದೆ. ತಪ್ಪಿದ ಕ್ಲಾಸು ಮಾಡುವ ದಿನಗಳೂ ಕ್ಯಾಲೆಂಡರಿನಲ್ಲೇ ಇರುತ್ತವೆ. ಕೊಡಗಿನಲ್ಲಿ ಮಳೆ ರಜೆ ಡಿಸಿ ಆದೇಶದ ಮೇಲೆ ಬರುತ್ತದೆ, ಅದು ಸರಿಯೇ. ತಪ್ಪಿದ ಪಾಠ ಮಾತ್ರ ಯಾವ ಶನಿವಾರ, ಯಾವ ಭಾನುವಾರ ಅಂತ ಆಮೇಲೆ ಹುಡುಕಾಟ. ಮಳೆ ಪ್ರತಿ ವರ್ಷ ಬರುತ್ತದೆ ಅಂತ ಗೊತ್ತಿರುವಾಗ ಆ ದಿನಗಳನ್ನು ಜೂನಿನಲ್ಲೇ ಗುರುತು ಹಾಕೋಕೆ ಏನು ಕಷ್ಟ? ಪರೀಕ್ಷೆಯ ದಿನಾಂಕ, ಕೊಠಡಿ, ಬಸ್ಸು ಎಲ್ಲ ಬಲ್ಲ ಆಫೀಸಿನವರು ಜೊತೆಗಿದ್ದರೆ ಅರ್ಧ ದಿನದ ಕೆಲಸ.

ಹಾಗಂತ ಜಪಾನಿನದ್ದೆಲ್ಲ ಚಿನ್ನ ಅಂತಲ್ಲ. ಇಲ್ಲಿ ಆಫೀಸಿನವರನ್ನು ಕೆಲವೇ ವರ್ಷಕ್ಕೊಮ್ಮೆ ಬೇರೆ ವಿಭಾಗಕ್ಕೆ ಎತ್ತಿ ಹಾಕುತ್ತಾರೆ. ನನ್ನ ಸೋಮವಾರದ ಪೀರಿಯಡ್ಡು ಸರಿ ಮಾಡಿದವರು ಈಗ ಲೈಬ್ರರಿ ಕಡೆ ಹೋಗಿದ್ದಾರೆ, ಅವರ ಜಾಗಕ್ಕೆ ಬಂದವರು ಕಟ್ಟಡ ರಿಪೇರಿ ವಿಭಾಗದಿಂದ ಬಂದವರು. ಮತ್ತೆ ಅಆಇಈ. ಮೀಟಿಂಗುಗಳಂತೂ ಕೇಳಬೇಡಿ, ಮುಂದಿನ ಮೀಟಿಂಗಿನಲ್ಲಿ ಏನು ಮಾತಾಡಬೇಕು ಅಂತಲೂ ಒಂದು ಮೀಟಿಂಗ್. ನಮ್ಮ ಕಡೆ ಅಕ್ಕನಂಥವರು ಒಂದೇ ಕಾಲೇಜಿನಲ್ಲಿ ವರ್ಷಗಟ್ಟಲೆ ಇರುತ್ತಾರೆ. ಅಣ್ಣ ಓದಿದ್ದು, ತಂಗಿ ಸೇರಿದ್ದು, ಅಪ್ಪನಿಗೆ ಹುಷಾರಿಲ್ಲದ್ದು ಎಲ್ಲ ಗೊತ್ತಿರುತ್ತದೆ. ಈ ವಿಷಯದಲ್ಲಿ ಕೊಡಗಿನ ಸಣ್ಣ ಕಾಲೇಜು ನಮ್ಮ ಮತ್ಸುಯಾಮಕ್ಕಿಂತ ಮುಂದೆ. ಇರುವ ಅನುಕೂಲವನ್ನು ಬಳಸುತ್ತಿಲ್ಲ ಅನ್ನುವುದೇ ನನ್ನ ತಕರಾರು.

ಕಾಗದದ ಮೇಲೆ ನಮ್ಮಲ್ಲೂ ಇದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಹೇಳುವ, ಕಾಲೇಜಿನೊಳಗಿನ ಗುಣಮಟ್ಟ ನೋಡುವ ಐಕ್ಯೂಎಸಿ ಸಮಿತಿಯಲ್ಲಿ ಮೇಷ್ಟ್ರುಗಳ ಜೊತೆಗೆ ಆಡಳಿತ ಸಿಬ್ಬಂದಿ, ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು, ಊರಿನವರು ಎಲ್ಲರಿಗೂ ಜಾಗ ಇದೆ. ನ್ಯಾಕ್ ನೋಡುತ್ತಾ ಬಂದಿರುವ ಏಳು ವಿಷಯಗಳಲ್ಲಿ ಎರಡನೆಯದೇ ಬೋಧನೆ, ಕಲಿಕೆ, ಮೌಲ್ಯಮಾಪನ. ಆದರೆ ನಾನು ಕೇಳಿ ತಿಳಿದ ಮಟ್ಟಿಗೆ ಸೂಪರಿಂಟೆಂಡೆಂಟ್ ಹೆಸರು ಪಟ್ಟಿಯಲ್ಲಿರುತ್ತದೆ, ಮೀಟಿಂಗಿನ ನಡಾವಳಿ ಆಮೇಲೆ ಸಹಿಗೆ ಅವರ ಟೇಬಲ್ಲಿಗೇ ಬರುತ್ತದೆ. ಬಾಯಿ ತೆರೆಯುವ ಸಂದರ್ಭವೇ ಬರಲ್ಲ. ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ಇದು ಮುಂದಿನ ಮೀಟಿಂಗಿನಲ್ಲೇ ಬದಲಾಗಬಹುದು. ಟೈಮ್ ಟೇಬಲ್ ಅಂತಿಮ ಮಾಡುವ ಮೊದಲು, ಇದರಲ್ಲಿ ಏನಾದರೂ ತೊಂದರೆ ಕಾಣುತ್ತಾ ಮೇಡಂ ಅಂತ ಒಂದು ಮಾತು ಕೇಳಬೇಕು, ಉತ್ತರ ಬರುವ ತನಕ ಸುಮ್ನೆ ಕಾಯಬೇಕು. ಮೊದಲ ಸಲ ಏನಿಲ್ಲ ಸಾರ್ ಅಂತಲೇ ಬರುತ್ತದೆ. ಅಷ್ಟು ವರ್ಷದ ಅಭ್ಯಾಸ.

ಇದರಲ್ಲಿ ನನಗೆ ಬಗೆಹರಿಯದ ಗಂಟು ಒಂದಿದೆ. ಅಕ್ಕನ ಪಕ್ಕದ ಎರಡು ಕುರ್ಚಿಯಲ್ಲಿ ಈಗ ಹೊರಗುತ್ತಿಗೆಯವರು ಕೂರುತ್ತಾರೆ. ಕಂಪ್ಯೂಟರ್ ಕೆಲಸವೆಲ್ಲ ಅವರದೇ, ಸಂಬಳ ತಡ, ಟೆಂಡರ್ ಬದಲಾದರೆ ಮನುಷ್ಯರೂ ಬದಲಾಗುತ್ತಾರೆ. ಒಂದು ಕಡೆ ಅತಿಥಿ ಉಪನ್ಯಾಸಕರು, ಇನ್ನೊಂದು ಕಡೆ ಹೊರಗುತ್ತಿಗೆ ಸಿಬ್ಬಂದಿ, ಇಬ್ಬರಿಗೂ ಮುಂದಿನ ಜೂನ್ ಗ್ಯಾರಂಟಿ ಇಲ್ಲ. ಅಕ್ಕನ ರಿಟೈರ್‌ಮೆಂಟೂ ದೂರವಿಲ್ಲ. ಅವಳ ಡೈರಿಯಲ್ಲಿರುವುದನ್ನು ಅಷ್ಟರೊಳಗೆ ಯಾರು ಕೇಳಿಸಿಕೊಳ್ಳುತ್ತಾರೆ, ಕೇಳಿಸಿಕೊಂಡವರು ಆ ಕಾಲೇಜಿನಲ್ಲಿ ಎಷ್ಟು ದಿನ ಇರುತ್ತಾರೆ ಅನ್ನುವುದಕ್ಕೆ ಉತ್ತರ ಹೇಳಬೇಕಾದವರು ಪ್ರಿನ್ಸಿಪಾಲರಲ್ಲ, ಸರ್ಕಾರ.