ದೂರ ದೊಡ್ಡವರಿಗಿರಲಿ, ಮಗುವಿಗೆ ಬೇಡ

ಕಳೆದ ವಾರ ಸಾಗರದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳ ಗಂಡನಿಗೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ. ಬ್ಯಾಂಕ್ ಕೆಲಸ, ಆಫೀಸು ಗಾಂಧಿನಗರದಲ್ಲಿ. ಮಗ ಬರುವ ಜೂನ್‌ಗೆ ಒಂದನೇ ಕ್ಲಾಸು. "ಅಕ್ಕಾ, ಒಳ್ಳೆ ಸ್ಕೂಲ್ ಇರೋ ಏರಿಯಾ ಯಾವ್ದು ಹೇಳು, ಅಲ್ಲೇ ಮನೆ ನೋಡ್ತೀವಿ" ಅಂದಳು.

ತಕ್ಷಣ ಒಂದು ಹೆಸರು ಹೇಳಿಬಿಡೋದು ಸುಲಭವಿತ್ತು. ಹೇಳಲಿಲ್ಲ. ನಾವು ಶಿವಮೊಗ್ಗದಿಂದ ಬಂದಾಗ ನಾನೂ ಇದನ್ನೇ ಹತ್ತು ಜನರ ಹತ್ತಿರ ಕೇಳಿದ್ದೆ. ಸಿಕ್ಕ ಉತ್ತರ ನಂಬಿ ಮನೆ ಮಾಡಿದೆವು. ಎರಡು ವರ್ಷ ಕಷ್ಟಪಟ್ಟಿದ್ದು ನನ್ನ ಮಗಳು. ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ. ಈ ವರ್ಷ ಊರು ಬಿಟ್ಟು ಬರುವ ಬೇರೆಯವರಿಗೂ ಉಪಯೋಗವಾಗಲಿ.

ನಾವು ಬಂದದ್ದು 2022ರಲ್ಲಿ. ಆಗ ಎಲ್ಲರೂ ಹೇಳಿದ್ದು ಒಂದೇ ಮಾತು. ಆಫೀಸಿಗೆ ಹತ್ತಿರ ಮನೆ ಮಾಡಿ, ಇಲ್ಲದಿದ್ದರೆ ಟ್ರಾಫಿಕ್‌ನಲ್ಲೇ ಆಯಸ್ಸು ಮುಗಿಯುತ್ತೆ ಅಂತ. ನಮ್ಮ ಮನೆಯವರ ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿಪಿಎಲ್ ಟೆಕ್ ಪಾರ್ಕ್‌ನಲ್ಲಿ. ಹಾಗಾಗಿ ವರ್ತೂರು ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಮನೆ ಹಿಡಿದೆವು. ಆಮೇಲೆ ಸ್ಕೂಲು ಹುಡುಕಿದೆವು. ಹೆಸರು ಮಾಡಿದ ಸ್ಕೂಲು, ಮನೆಯಿಂದ ಒಂಬತ್ತು ಕಿಲೋಮೀಟರ್. ವ್ಯಾನ್ ಬರುತ್ತೆ, ನಿಮಗೇನೂ ತೊಂದರೆ ಇಲ್ಲ ಅಂದರು. ನಮಗೆ ತೊಂದರೆ ಆಗಲಿಲ್ಲ, ನಿಜ.

ವ್ಯಾನ್ ಬೆಳಗ್ಗೆ 6:55ಕ್ಕೆ ಗೇಟಿಗೆ ಬರುತ್ತಿತ್ತು. ಹತ್ತು ಕಡೆ ನಿಂತು, ಸುತ್ತಿ ಬಳಸಿ, ಸ್ಕೂಲು ಮುಟ್ಟುವಾಗ ಎಂಟು ದಾಟಿರುತ್ತಿತ್ತು. ಮಧ್ಯಾಹ್ನ ಮೂರೂವರೆಗೆ ಬಿಟ್ಟರೆ ಮನೆಗೆ ಬರೋದು ನಾಲ್ಕೂ ಮುಕ್ಕಾಲಿಗೆ. ಮಗುವಿಗೆ ಆರು ವರ್ಷ.

ಒಂದು ಸಂಜೆ ಡಬ್ಬಿ ತೆಗೆದು ನೋಡಿದರೆ ಚಿತ್ರಾನ್ನ ಹಾಗೇ ಇತ್ತು. ಯಾಕೆ ತಿಂದಿಲ್ಲ ಅಂತ ಕೇಳೋಣ ಎಂದು ತಿರುಗಿದೆ. ಸೋಫಾ ಮೇಲೆ ನಿದ್ದೆ ಹೋಗಿದ್ದಳು. ಷೂ ಬಿಚ್ಚಿರಲಿಲ್ಲ, ಬ್ಯಾಗಿನ ಒಂದು ಪಟ್ಟಿ ಇನ್ನೂ ಭುಜದ ಮೇಲೇ ಇತ್ತು. ಕೆಳಗೆ ಬೇರೆ ಮಕ್ಕಳು ಆಡುವ ಸದ್ದು ಕೇಳಿಸುತ್ತಿತ್ತು. ನಿಧಾನಕ್ಕೆ ಲೇಸ್ ಸಡಿಲಿಸಿ ಸಾಕ್ಸ್ ಎಳೆದೆ. ಎಲಾಸ್ಟಿಕ್ ಕೂತಿದ್ದ ಕಡೆ ಕಾಲಿನ ಸುತ್ತ ಕೆಂಪು ಗೆರೆ ಬಿದ್ದಿತ್ತು. ಅವಳಿಗೆ ಎಚ್ಚರವೇ ಆಗಲಿಲ್ಲ. ಆ ದಿನ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಹೋಗಿ ಬರೋಕೆ ದಿನಕ್ಕೆ ಎರಡೂವರೆ ಗಂಟೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ, 800 ಗಂಟೆ ಪಾಠ ಇರಬೇಕು. ಅದೇ 200 ದಿನಕ್ಕೆ ನನ್ನ ಮಗಳು ವ್ಯಾನ್‌ನಲ್ಲಿ ಕೂರುವುದು 500 ಗಂಟೆ. 800 ಗಂಟೆ ಪಾಠಕ್ಕೆ 500 ಗಂಟೆ ವ್ಯಾನ್! ಫೀಸು ಕಟ್ಟುವಾಗ ಇದನ್ನು ಯಾರೂ ಹೇಳಲ್ಲ. ನಾವೂ ಕೇಳಲ್ಲ. ಸ್ವಿಮ್ಮಿಂಗ್ ಪೂಲ್ ಇದೆಯಾ, ರೋಬೋಟಿಕ್ಸ್ ಇದೆಯಾ ಅಂತ ಕೇಳ್ತೀವಿ.

2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿ ಪಕ್ಕದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡೋಕೆ ಶುರುವಾಯಿತು. ಆಗ ನಮ್ಮ ಮನೆಯವರೇ ಒಂದು ಮಾತು ಹೇಳಿದರು. "ಇಷ್ಟು ದಿನ ನಾನು ಹತ್ತಿರ ಇರ್ಲಿ ಅಂತ ಅವಳು ದೂರ ಹೋದ್ಲು. ಇನ್ನು ಅವಳು ಹತ್ತಿರ ಇರ್ಲಿ, ನಾನು ದೂರ ಹೋಗ್ತೀನಿ." ಮದುವೆಯಾದ ಮೇಲೆ ಅವರು ಆಡಿದ ಮಾತುಗಳಲ್ಲಿ ನನಗೆ ಇದರಷ್ಟು ಹಿಡಿಸಿದ್ದು ಇನ್ನೊಂದಿಲ್ಲ.

2024ರ ಬೇಸಿಗೆಯಲ್ಲಿ ಕೆಂಗೇರಿ ಉಪನಗರಕ್ಕೆ ಬಂದೆವು. ಆ ಬೇಸಿಗೆ ಬೆಂಗಳೂರಿನ ನೀರಿನ ಕಥೆ ಎಲ್ಲರಿಗೂ ನೆನಪಿದೆ ಅಲ್ವಾ. ವರ್ತೂರು ಮನೆಯಲ್ಲಿ ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗಿತ್ತು. ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು ಅದೇ ವರ್ಷ ಅಕ್ಟೋಬರ್ 16ಕ್ಕೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡೋಕೆ ಅಂತ ಮಾಡಿದ ಯೋಜನೆ ಅದು. ಈಗಲೂ ಮನೆ ನೋಡಲು ಹೋದರೆ ಓನರ್ ಹತ್ತಿರ ಸುಮ್ನೆ "ನೀರಿದೆಯಾ" ಅಂತ ಕೇಳಬೇಡಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತೆ, ಸಂಪ್ ಎಷ್ಟು ಲೀಟರಿನದು, ಹೋದ ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ರಾ ಅಂತ ಕೇಳಿ. ಕೆಳಮನೆಯ ಬಾಡಿಗೆದಾರರನ್ನು ಕೇಳಿದರೆ ಇನ್ನೂ ಒಳ್ಳೇದು.

ಕೆಂಗೇರಿಯೇ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಮಕ್ಕಳಿರುವವರು ಬೆಂಗಳೂರಿನಲ್ಲಿ ಇದೊಂದನ್ನು ಗಮನಿಸಲೇಬೇಕು. ಇಲ್ಲಿ ಎರಡು ಥರದ ಏರಿಯಾ ಇವೆ. ಒಂದು, ಬಿಡಿಎನೋ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹೌಸಿಂಗ್ ಬೋರ್ಡೋ ಮೊದಲೇ ನಕ್ಷೆ ಹಾಕಿ ಮಾಡಿದ ಬಡಾವಣೆ. ಅಲ್ಲಿ ರಸ್ತೆ, ಪಾರ್ಕು ಎಲ್ಲ ಮೊದಲೇ ಗುರುತು ಮಾಡಿರುತ್ತಾರೆ. ಶಾಲೆ, ಆಸ್ಪತ್ರೆಯಂಥದ್ದಕ್ಕೆ ಸಿಎ ಸೈಟ್, ಅಂದರೆ ಸಾರ್ವಜನಿಕ ಸೌಲಭ್ಯದ ಜಾಗ, ಬಿಟ್ಟಿರುತ್ತಾರೆ. ಹಾಗಾಗಿ ಶಾಲೆ ಬಡಾವಣೆಯ ಒಳಗೇ ಬರುತ್ತೆ, ಮನೆಗಳ ನಡುವೆ. ಇನ್ನೊಂದು, ಹೊಲ ಗದ್ದೆ ಇದ್ದ ಕಡೆ ಒಬ್ಬೊಬ್ಬರೇ ಜಾಗ ಕೊಂಡು ಅಪಾರ್ಟ್‌ಮೆಂಟ್ ಎಬ್ಬಿಸಿದ ಏರಿಯಾ. ಅಲ್ಲಿ ಎತ್ತಿನ ಗಾಡಿ ಹೋಗುತ್ತಿದ್ದ ದಾರಿಯೇ ಇವತ್ತಿನ ಮೇನ್ ರೋಡು. ಗೇಟಿನ ಒಳಗೆ ಎಲ್ಲ ಇದೆ, ಹೊರಗೆ ಕಾಲಿಡಲು ಫುಟ್‌ಪಾತ್ ಇಲ್ಲ. ಶಾಲೆ ಎಲ್ಲೋ ದೊಡ್ಡ ರಸ್ತೆ ಮೇಲಿರುತ್ತೆ, ಬಸ್ಸಿಲ್ಲದೆ ಮಗು ಅಲ್ಲಿಗೆ ಹೋಗೋ ಹಾಗಿಲ್ಲ.

ಕೆಂಗೇರಿ ಉಪನಗರ, ಯಲಹಂಕ ಉಪನಗರ, ಬನಶಂಕರಿ, ವಿಜಯನಗರ, ಜಯನಗರ ಇವೆಲ್ಲ ಮೊದಲನೇ ಥರದವು. ಕೆಂಗೇರಿ ಅಂತೂ 2007ರವರೆಗೆ ಬೇರೆಯೇ ಪುರಸಭೆ. ಊರಿನ ಗುಣ ಇನ್ನೂ ಉಳಿದಿದೆ. ಜಯನಗರದ ಬಾಡಿಗೆ ನಮ್ಮ ಕೈಗೆ ಎಟುಕಲಿಲ್ಲ, ಅದಕ್ಕೆ ಇಲ್ಲಿಗೆ ಬಂದೆವು.

ಈಗ ಮಗಳ ಸ್ಕೂಲು ಮನೆಯಿಂದ ಏಳುನೂರು ಮೀಟರ್. ಸ್ಟೇಟ್ ಸಿಲಬಸ್, ದೊಡ್ಡ ಹೆಸರೇನೂ ಇಲ್ಲ. ಮೊದಲು ನಾನು ಜೊತೆಗೆ ಹೋಗುತ್ತಿದ್ದೆ. ಈಗ ಐದನೇ ಕ್ಲಾಸು, ಪಕ್ಕದ ರಸ್ತೆಯ ಇಬ್ಬರು ಮಕ್ಕಳ ಜೊತೆ ನಡೆದು ಹೋಗುತ್ತಾಳೆ. ದಾರಿಯಲ್ಲಿ ಹೂವಿನ ಅಜ್ಜಿಯೊಬ್ಬರು ಕೂರುತ್ತಾರೆ. ಹೋದ ತಿಂಗಳು ಜ್ವರ ಬಂದು ಇವಳು ಎರಡು ದಿನ ಹೋಗಿರಲಿಲ್ಲ. ಮೂರನೇ ದಿನ ನಾನು ಹಾಲು ತರಲು ಹೋದರೆ ಅಜ್ಜಿ ಕರೆದು "ಯಾಕಮ್ಮ, ಪುಟ್ಟಿ ಕಾಣ್ಲಿಲ್ಲ, ಹುಷಾರಿಲ್ವಾ?" ಅಂದರು. ಒಂದು ಮೊಳ ಕನಕಾಂಬರ ಕಟ್ಟಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ವರ್ತೂರಿನಲ್ಲಿ ಎರಡು ವರ್ಷ ಇದ್ದೆವು. ಸೆಕ್ಯುರಿಟಿ ಅಣ್ಣ ಬಿಟ್ಟರೆ ಹೊರಗಿನ ಒಬ್ಬರಿಗೂ ನನ್ನ ಮಗಳ ಮುಖ ಪರಿಚಯವಿರಲಿಲ್ಲ.

ಇದಕ್ಕೆಲ್ಲ ನಮ್ಮ ಮನೆಯವರಿಗೆ ಕಷ್ಟ ಇದೆ. ಕೆಂಗೇರಿಯಿಂದ ಆಫೀಸಿನ ಹತ್ತಿರದ ಪಟ್ಟಂದೂರು ಅಗ್ರಹಾರ ಸ್ಟೇಷನ್ ಅಂದರೆ ಊರಿನ ಈ ತುದಿಯಿಂದ ಆ ತುದಿ. ಮನೆಯಿಂದ ಆಫೀಸಿಗೆ ಒಂದೂವರೆ ಗಂಟೆ ಮೇಲಾಗುತ್ತೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ತಿಂಗಳ ಲೆಕ್ಕಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ರೈಲು ಹತ್ತೋದು ಮೊದಲ ಸ್ಟೇಷನ್‌ಗಳ ಹತ್ತಿರ, ಸೀಟು ಸಿಗುತ್ತೆ. ಓದುತ್ತಾರೆ, ನಿದ್ದೆ ಮಾಡುತ್ತಾರೆ. ದೊಡ್ಡವರಿಗೆ ಅದು ಆಗುತ್ತೆ. ಆರು ವರ್ಷದ ಮಗುವಿಗೆ ಆಗಲ್ಲ.

ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳಲ್ಲ. ನನ್ನ ಗೆಳತಿಯೊಬ್ಬಳು ವೈಟ್‌ಫೀಲ್ಡ್‌ನಲ್ಲೇ ಇದ್ದಾಳೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅವರ ಅಪಾರ್ಟ್‌ಮೆಂಟಿನ ಗೇಟಿನ ಎದುರಿಗೇ ಸ್ಕೂಲಿದೆ. ಅವಳಿಗೆ ಅದೇ ಸರಿ. ಏರಿಯಾ ಯಾವುದಾದರೂ ಇರಲಿ, ಮಗುವಿಗೆ ಎಷ್ಟು ದೂರ ಅನ್ನೋದನ್ನು ಮೊದಲು ನೋಡಿ, ಆಮೇಲೆ ಉಳಿದದ್ದು.

ಸ್ಕೂಲು ಒಳ್ಳೇದಾ ಅಂತ ತಿಳಿಯೋದು ಹೇಗೆ? ಫ್ಲೆಕ್ಸ್ ನೋಡಿ ತಿಳಿಯಲ್ಲ. ಸ್ಕೂಲಿನ ಆಫೀಸಿನಲ್ಲಿ ಯುಡೈಸ್ ನಂಬರ್, ಅಂದರೆ ಸರ್ಕಾರ ಶಾಲೆಗೆ ಕೊಡುವ ಗುರುತಿನ ಸಂಖ್ಯೆ ಕೇಳಿ. ಮಾನ್ಯತೆ ಇರುವ ಪ್ರತಿ ಶಾಲೆಗೂ 11 ಅಂಕಿಯ ನಂಬರ್ ಇರುತ್ತೆ, ಕರ್ನಾಟಕದ್ದು 29ರಿಂದ ಶುರು. ಸಿಬಿಎಸ್‌ಇ ಅಂದರೆ ಅಫಿಲಿಯೇಷನ್ ನಂಬರ್ ಕೇಳಿ, ಸಿಬಿಎಸ್‌ಇ ವೆಬ್‌ಸೈಟಿನಲ್ಲಿ ನೀವೇ ತೆಗೆದು ನೋಡಿ, ಯಾವ ಕ್ಲಾಸಿನವರೆಗೆ ಅನುಮತಿ ಇದೆ ಅಂತಲೂ ನೋಡಿ. "ಸಿಬಿಎಸ್‌ಇ ಪ್ಯಾಟರ್ನ್" ಅನ್ನೋದು ಅಫಿಲಿಯೇಷನ್ ಅಲ್ಲ. ನಾವು ಮೊದಲು ನೋಡಿದ ಒಂದು ಕಡೆ ನಂಬರ್ ಕೇಳಿದ್ದಕ್ಕೆ ಮೇಡಂ ಮುಖ ಸಿಂಡರಿಸಿದರು. ಅಲ್ಲಿಂದ ಎದ್ದು ಬಂದೆವು. ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು ಅಂತ ಕೇಳಿ. ಕಾಯ್ದೆ ಹೇಳೋದು ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ.

ಎಲ್ಲಕ್ಕಿಂತ ನಾನು ನಂಬೋದು ಇನ್ನೊಂದು ಪ್ರಶ್ನೆಯನ್ನು. ಒಂದನೇ ಕ್ಲಾಸಿನ ಟೀಚರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ? ಹಳೇ ಸ್ಕೂಲಿನಲ್ಲಿ ಒಂದೇ ವರ್ಷದಲ್ಲಿ ಮೂವರು ಕ್ಲಾಸ್ ಟೀಚರ್ ಬದಲಾದರು. ಮಗಳು ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು. ಈಗಿನ ಸ್ಕೂಲಿನ ಒಂದನೇ ಕ್ಲಾಸಿನ ಟೀಚರ್ ಹದಿನಾಲ್ಕು ವರ್ಷದಿಂದ ಅದೇ ರೂಮಿನಲ್ಲಿದ್ದಾರೆ.

ಕನ್ನಡದ ಬಗ್ಗೆಯೂ ಕೇಳಿ, ನಾಚಿಕೆ ಬೇಡ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ಎಲ್ಲ ಸಿಲಬಸ್‌ನ ಶಾಲೆಗಳಲ್ಲೂ ಕನ್ನಡ ಮೊದಲನೇ ಅಥವಾ ಎರಡನೇ ಭಾಷೆಯಾಗಿ ಇರಬೇಕು. ಹೆಸರಿಗೆ ಇದೆಯಾ, ನಿಜವಾಗಿ ಕಲಿಸ್ತಾರಾ ಅನ್ನೋದು ಮಕ್ಕಳ ನೋಟ್‌ಬುಕ್ ತೆರೆದರೆ ಗೊತ್ತಾಗುತ್ತೆ. ಅಜ್ಜಿಗೆ ಒಂದು ಕಾಗದ ಬರೆಯೋಕೆ ಬರದಿದ್ದರೆ ಆ ಸ್ಕೂಲು ನನಗಂತೂ ಬೇಡ.

ಚಿಕ್ಕಮ್ಮನ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳ ಗಂಡನ ಆಫೀಸು ಮೆಜೆಸ್ಟಿಕ್ ಹತ್ತಿರ, ಹಸಿರು ನೇರಳೆ ಎರಡೂ ಮೆಟ್ರೋ ಸೇರುವ ಜಾಗ. ಯಾವ ದಿಕ್ಕಿನಿಂದ ಬೇಕಾದರೂ ಬರಬಹುದು, ಅದು ಅವಳ ಅದೃಷ್ಟ. ವಿಜಯನಗರ, ಬನಶಂಕರಿ, ಕೆಂಗೇರಿ, ಮೂರೂ ಕಡೆ ನೋಡು ಅಂದೆ. ಟಿಸಿ ತೆಗೆಸುವಾಗ ಮಗನ ಸ್ಯಾಟ್ಸ್ ನಂಬರ್ (ರಾಜ್ಯ ಸರ್ಕಾರದ ವಿದ್ಯಾರ್ಥಿ ಗುರುತಿನ ಸಂಖ್ಯೆ) ಇದ್ದರೆ ಸರಿಯಾಗಿದೆಯಾ ನೋಡ್ಕೋ ಅಂತಲೂ ಅಂದೆ.

"ಹಾಗಾದ್ರೆ ಭಾನುವಾರ ಬರ್ತೀವಿ ಅಕ್ಕ" ಅಂದಳು. ಭಾನುವಾರ ಬೇಡ ಅಂದೆ. ಭಾನುವಾರ ಯಾವ ರಸ್ತೆ ನೋಡಿದರೂ ಚೆನ್ನಾಗಿಯೇ ಇರುತ್ತೆ. ಸೋಮವಾರ ಬೆಳಗ್ಗೆ ಏಳೂವರೆಗೆ ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೋ ಸ್ಟೇಷನ್ ಕೆಳಗೆ ನಿಂತಿರ್ತೀನಿ. ಮಗನನ್ನೂ ಕರ್ಕೊಂಡು ಬಾ, ಅವನಿಗೆ ಚಪ್ಪಲಿ ಬೇಡ, ಸ್ಕೂಲ್ ಷೂ ಹಾಕು. ದಾರಿ ನಡೆಯೋನು ಅವನೇ ತಾನೆ.